ಒಂದು ಜಾತಕ, ಎಂಟು ದಲ್ಲಾಳಿಗಳು

ಕಾಂಟ್ರಾಕ್ಟ್ ಕೆಲಸ ಮಾಡೋರ ಪಾಡು ಒಂಥರಾ ಮದುವೆ ವಯಸ್ಸಿಗೆ ಬಂದ ಗಂಡಿನ ಪಾಡು. ವ್ಯತ್ಯಾಸ ಇಷ್ಟೇ, ಗಂಡಿಗೆ ಒಂದು ಸಲ ಮದುವೆ ಆಯ್ತು ಅಂದ್ರೆ ಜಾತಕ ಪೆಟ್ಟಿಗೆ ಸೇರುತ್ತೆ. ನಮಗೆ ಹಾಗಲ್ಲ. ವರ್ಷಕ್ಕೋ ಒಂದೂವರೆ ವರ್ಷಕ್ಕೋ ಒಂದ್ಸಲ ಜಾತಕ ಮತ್ತೆ ಹೊರಗೆ ತೆಗೀಬೇಕು, ಧೂಳು ಒರೆಸಬೇಕು, ಹಳೇ ಪ್ರಾಜೆಕ್ಟುಗಳನ್ನ ಕೆಳಗೆ ತಳ್ಳಿ ವಯಸ್ಸು ಒಂಚೂರು ಮುಚ್ಚಿಡಬೇಕು, ಆಮೇಲೆ ಊರಿಗೆಲ್ಲಾ ಹಂಚಬೇಕು.

2023ರ ಸೆಪ್ಟೆಂಬರ್ ಕೊನೇ ವಾರ ನನ್ನ ಕಾಂಟ್ರಾಕ್ಟ್ ಮುಗೀತು. ಮುಗೀತು ಅಂದ್ರೆ 'ಇನ್ನೊಂದಾರು ತಿಂಗಳು ಮುಂದುವರೆಸ್ತೀವಿ' ಅಂತ ಹೇಳಿದ್ದ ಮ್ಯಾನೇಜರ್ರೇ ಒಂದು ಬುಧವಾರ ಬೆಳಿಗ್ಗೆ ಹತ್ತು ನಿಮಿಷದ ಮೀಟಿಂಗ್ ಕರೆದು 'ಬಜೆಟ್ ಇಲ್ಲ, ಶುಕ್ರವಾರ ಕೊನೇ ದಿನ' ಅಂದ. ಪಾಪ, ಅವನ ಮುಖ ನೋಡಿದ್ರೆ ಅವನ ಕೆಲಸಾನೇ ಉಳಿಯೋ ಹಾಗೆ ಕಾಣಲಿಲ್ಲ. ಆ ವರ್ಷ ಇಲ್ಲಿ ಅಮೆರಿಕದಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಸಾವಿರಾರು ಜನರನ್ನ ಮನೆಗೆ ಕಳಿಸಿದ್ವು. ಅವರೆಲ್ಲಾ ನನ್ನ ಜೊತೆಗೇ ಕೆಲಸ ಹುಡುಕ್ತಾ ಇದ್ರು.

ನನಗೆ ಗ್ರೀನ್ ಕಾರ್ಡ್ ಇದೆ, ಹಾಗಾಗಿ ವೀಸಾ ಭಯ ಇರಲಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನ ಹುಡುಗನಿಗೆ ಎಚ್-ಒನ್-ಬಿ. ಅವನಿಗೆ ಕೆಲಸ ಹೋದ್ರೆ ಹೆಚ್ಚೆಂದರೆ 60 ದಿನ. 2017ರಲ್ಲಿ ಬಂದ ನಿಯಮ ಅದು, ಅದಕ್ಕೂ ಮುಂಚೆ ಅಷ್ಟು ಕೂಡ ಇರಲಿಲ್ಲ. ಅವನಿಗೆ ಹೋಲಿಸಿದ್ರೆ ನಾನು ಸುಖಿ ಅಂದ್ಕೊಂಡೆ. ಆದ್ರೆ ಮನೆ ಕಂತು, ಮಗಳ ಕಾಲೇಜು ಫೀಸು, ಇನ್ಶೂರೆನ್ಸ್... ಕೆಲಸ ಬಿಟ್ಟ ಮೇಲೂ ಅದೇ ಹೆಲ್ತ್ ಇನ್ಶೂರೆನ್ಸ್ ಮುಂದುವರೆಸೋಕೆ ಇಲ್ಲಿ 'ಕೋಬ್ರಾ' ಅಂತ ಒಂದು ವ್ಯವಸ್ಥೆ ಇದೆ. ಹೆಸರಿಗೆ ತಕ್ಕ ಹಾಗೆ ಕಚ್ಚುತ್ತೆ! ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನಾವೇ ಕಟ್ಟಬೇಕು, ಅದರ ಮೇಲೆ ನೂರಕ್ಕೆ ಎರಡರ ತನಕ ಖರ್ಚು ಅಂತ ಬೇರೆ.

ಸರಿ, ಭಾನುವಾರ ರಾತ್ರಿ ಕೂತು ಡೈಸ್‌ನಲ್ಲಿ ರೆಸ್ಯೂಮೆ ಹೊಸದಾಗಿ ಹಾಕಿದೆ. ನನ್ನದು ಡೇಟಾ ವೇರ್‌ಹೌಸ್ ಕೆಲಸ, ಇನ್ಫರ್ಮ್ಯಾಟಿಕಾ, ಒರಾಕಲ್, ಈಚೆಗೆ ಸ್ನೋಫ್ಲೇಕ್. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಫೋನು ಶುರುವಾಯ್ತು ನೋಡಿ...

ಒಂಬತ್ತೂವರೆ ಹೊತ್ತಿಗೆ ಹನ್ನೊಂದು ಕಾಲ್. ಎಲ್ಲಾ ನ್ಯೂಜೆರ್ಸಿ, ಟೆಕ್ಸಸ್ ನಂಬರುಗಳೇ. ಮಾತಾಡೋರು ಮಾತ್ರ ನೋಯ್ಡಾದಲ್ಲೋ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೂತೋರು. ನಮ್ಮ ಬೆಳಿಗ್ಗೆ ಅವರ ಸಂಜೆ. ಹೆಸರು ಕೇಳಿದ್ರೆ ಕೆವಿನ್, ಸ್ಯಾಮ್, ಜೆನಿಫರ್, ಆಶ್ಲಿ. ಎಲ್ಲರದ್ದೂ ಒಂದೇ ಪಲ್ಲವಿ: 'ನಮ್ಮದು ಡೈರೆಕ್ಟ್ ಕ್ಲೈಂಟು ಸರ್!'

ಈ ಡೈರೆಕ್ಟ್ ಕ್ಲೈಂಟಿನ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಒಂದು ದೊಡ್ಡ ಕಂಪನಿಗೆ ಒಬ್ಬ ಕಾಂಟ್ರಾಕ್ಟರ್ ಬೇಕು ಅಂತಿಟ್ಕೊಳ್ಳಿ. ಅವರು ನೇರವಾಗಿ ಹುಡುಕೋದಿಲ್ಲ. ಫೀಲ್ಡ್‌ಗ್ಲಾಸ್, ಬೀಲೈನ್ ಥರದ ಒಂದು ವೆಂಡರ್ ಸಾಫ್ಟ್‌ವೇರಿನಲ್ಲಿ ಬೇಡಿಕೆ ಹಾಕ್ತಾರೆ. ಅಲ್ಲಿ ಒಪ್ಪಿಗೆ ಪಡೆದ ಕೆಲವು ಪ್ರೈಮ್ ವೆಂಡರುಗಳಿಗೆ ಅದು ಕಾಣುತ್ತೆ. ಅವರು ತಮ್ಮ ಸಬ್ ವೆಂಡರುಗಳಿಗೆ ಮೇಲ್ ಮಾಡ್ತಾರೆ, ಆ ಸಬ್ ವೆಂಡರು ಇನ್ನೊಬ್ಬರಿಗೆ, ಇನ್ನೊಬ್ಬರು ಮತ್ತೊಬ್ಬರಿಗೆ... ಮಧ್ಯಾಹ್ನದೊಳಗೆ ಅದೇ ಒಂದು ಕೆಲಸ ನೂರು ಕೈಗೆ ಹೋಗಿರುತ್ತೆ. ಒಬ್ಬೊಬ್ಬರು ಒಂದೊಂದು ಪಾಲು ಮುರ್ಕೊಳ್ತಾರೆ. ಕಂಪನಿ ಗಂಟೆಗೆ 85 ಡಾಲರ್ ಕೊಡ್ತಿದೆ ಅಂದ್ರೆ, ಕೆಳಗೆ ಕೂತ ನಮ್ಮ ತಟ್ಟೆಗೆ ಬೀಳೋದು 55ಓ 60ಓ. ಮೂರನೇ ಕೈಯವನೂ ಡೈರೆಕ್ಟ್, ಐದನೇ ಕೈಯವನೂ ಡೈರೆಕ್ಟ್!

ಹಾಗಾಗಿ ಒಂದೇ ಕೆಲಸಕ್ಕೆ ನನಗೆ ಎಂಟು ಜನರ ಮೇಲ್ ಬಂದಿದ್ದೂ ಇದೆ. ಕ್ಲೈಂಟಿನ ಹೆಸರು ಯಾರೂ ಹೇಳಲ್ಲ. ಆದ್ರೆ ಕೆಲಸದ ವಿವರ ಓದಿದ್ರೆ ಗೊತ್ತಾಗುತ್ತೆ, ಅದೇ ಊರು, ಅದೇ ಅವಧಿ, ಅದೇ ಕಾಗುಣಿತದ ತಪ್ಪು. ರೇಟು ಮಾತ್ರ ಬೇರೆ ಬೇರೆ. ಒಬ್ಬ 50 ಅಂತಾನೆ, ಇನ್ನೊಬ್ಬ 58, ಮತ್ತೊಬ್ಬ 65.

ಇಲ್ಲೇ ಇರೋದು ಅಪಾಯ. ಒಬ್ಬನೇ ಮನುಷ್ಯನ ರೆಸ್ಯೂಮೆ ಎರಡು ಕಡೆಯಿಂದ ಒಂದೇ ಕೆಲಸಕ್ಕೆ ಹೋದ್ರೆ ಅದಕ್ಕೆ 'ಡಬಲ್ ಸಬ್ಮಿಶನ್' ಅಂತಾರೆ. ಹೆಸರು, ಹುಟ್ಟಿದ ದಿನ ಮತ್ತು ತಿಂಗಳು, ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೇ ನಾಲ್ಕಂಕಿ, ಇಷ್ಟು ಇಟ್ಕೊಂಡು ಆ ಸಾಫ್ಟ್‌ವೇರು ಥಟ್ ಅಂತ ಹಿಡಿದುಬಿಡುತ್ತೆ. ನಾಳೆ ಯಾವ ವೆಂಡರಿಗೆ ದುಡ್ಡು ಕೊಡಬೇಕು ಅನ್ನೋ ಜಗಳ ಯಾವ ಕ್ಲೈಂಟಿಗೆ ಬೇಕು? ಎಷ್ಟೋ ಕಡೆ ಎರಡನ್ನೂ ತೆಗೆದು ಕಸಕ್ಕೆ ಹಾಕ್ತಾರೆ. ಒಂದೇ ಹೆಣ್ಣಿನ ಮನೆಗೆ ಇಬ್ಬರು ದಲ್ಲಾಳಿಗಳು ಒಂದೇ ಗಂಡಿನ ಜಾತಕ ತಗೊಂಡು ಹೋದ್ರೆ ಆ ಮನೆಯವರು ಏನಂದ್ಕೋತಾರೆ ಹೇಳಿ, ಹಾಗೇ.

ಇದನ್ನ ತಪ್ಪಿಸೋಕೆ ಅಂತಲೇ ಆರ್‌ಟಿಆರ್ ಇರೋದು, ರೈಟ್ ಟು ರೆಪ್ರೆಸೆಂಟ್. 'ಇಂಥ ಕೆಲಸಕ್ಕೆ ಇಂಥ ರೇಟಿಗೆ ನನ್ನ ಪರವಾಗಿ ಹೋಗೋಕೆ ಇವರಿಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದೀನಿ' ಅಂತ ನಾವು ಮೇಲ್‌ನಲ್ಲಿ ಬರೆದು ಕೊಡೋ ಮಾತು. 'ಇವರಿಗೆ ಮಾತ್ರ' ಅನ್ನೋದೇ ಅದರ ಜೀವ.

ಇದೆಲ್ಲಾ ನನಗೆ ಚೆನ್ನಾಗೇ ಗೊತ್ತು. ಹದಿನೈದು ವರ್ಷದಿಂದ ಇದೇ ಕಸುಬು. ಒಂದು ಎಕ್ಸೆಲ್ ಶೀಟ್ ಬೇರೆ ಇಟ್ಟಿದ್ದೀನಿ, ದಿನಾಂಕ, ಕ್ಲೈಂಟು, ಊರು, ರಿಕ್ರೂಟರ್, ಮೇಲಿನ ವೆಂಡರ್ ಯಾರು, ರೇಟು, ಆರ್‌ಟಿಆರ್ ಕೊಟ್ಟ ದಿನ. ನನ್ನ ಹೆಂಡತಿ ಅದನ್ನ ನೋಡಿ, "ಏನ್ರೀ ಇದು, ಚೀಟಿ ವ್ಯವಹಾರದ ಲೆಕ್ಕ ಇದ್ದ ಹಾಗಿದೆ" ಅಂತ ನಕ್ಕಿದ್ದಳು. ಇಷ್ಟೆಲ್ಲಾ ಗೊತ್ತಿದ್ದೂ ನಾನು ಏನು ಮಾಡಿದೆ ಅನ್ನೋದನ್ನ ಹೇಳೋಕೇ ಈ ಬರಹ.

ಅಕ್ಟೋಬರಿನಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಆಶ್ಲಿ ಅನ್ನೋ ಹುಡುಗಿ ಫೋನ್ ಮಾಡಿದಳು. ಒಂದು ಇನ್ಶೂರೆನ್ಸ್ ಕಂಪನಿ, ಕ್ಲೇಮ್ಸ್ ಡೇಟಾ ಹಳೇ ಸಿಸ್ಟಮ್ಮಿನಿಂದ ಹೊಸದಕ್ಕೆ ಸಾಗಿಸೋ ಕೆಲಸ, ಅವಧಿ 14 ತಿಂಗಳು. ಸಾಮಾನ್ಯವಾಗಿ ಆರು ತಿಂಗಳು, ಹನ್ನೆರಡು ತಿಂಗಳು ಅಂತಿರುತ್ತೆ, ಇದೇನು ಹದಿನಾಲ್ಕು ಅಂತ ತಲೆಯಲ್ಲಿ ಉಳೀತು. ಅವಳು ಸ್ಕ್ರಿಪ್ಟ್ ಓದ್ತಾ ಇದ್ದ ಹಾಗೇ ಹಿಂದಿನಿಂದ ಯಾರೋ ವಯಸ್ಸಾದ ಹೆಂಗಸಿನ ದನಿ, "ಅನ್ನ ಆರ್ತಾ ಐತೆ, ಬಾರೇ..."

ತಕ್ಷಣ ಲೈನ್ ಮ್ಯೂಟ್ ಆಯ್ತು. ಮತ್ತೆ ಬಂದು, "ಸಾರಿ ಸರ್" ಅಂತ ಅದೇ ಅಮೆರಿಕನ್ ರಾಗದಲ್ಲಿ ಶುರು ಮಾಡಿದಳು. ನಾನು ಕನ್ನಡದಲ್ಲಿ, "ಹೋಗಿ ಊಟ ಮಾಡ್ಕೊಂಡು ಬನ್ನಮ್ಮಾ, ನಾನೆಲ್ಲೂ ಓಡಿ ಹೋಗಲ್ಲ" ಅಂದೆ.

ಆ ಕಡೆ ಎರಡು ಸೆಕೆಂಡ್ ಮೌನ. ಆಮೇಲೆ ಜೋರು ನಗು. "ಅಯ್ಯೋ ಸರ್, ಕನ್ನಡಾನಾ ನೀವು!" ಅಂದಳು.

ಚಿತ್ರದುರ್ಗದ ಕಡೆಯ ಹುಡುಗಿ. ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದು ಈ ಕೆಲಸ ಸೇರಿದ್ದು, ಕೊರೋನಾ ಕಾಲದಲ್ಲಿ ಮನೆಯಿಂದ ಮಾಡಿ ಅಂದ್ರು, ಹಾಗೇ ಮುಂದುವರೆದಿದೆ. ಸಂಜೆ ಆರೂವರೆಗೆ ಲಾಗಿನ್ ಆದ್ರೆ ಬೆಳಗಿನ ಜಾವ ಮೂರೂವರೆ ತನಕ. ದಿನಕ್ಕೆ ಇಷ್ಟು ಸಬ್ಮಿಶನ್ ಅಂತ ಟಾರ್ಗೆಟ್. ಯಾರಾದ್ರೂ ಕೆಲಸಕ್ಕೆ ಸೇರಿದ್ರೆ ಮಾತ್ರ ಇನ್ಸೆಂಟಿವ್. "ಮೂರು ತಿಂಗಳಿಂದ ಒಂದೂ ಆಗಿಲ್ಲ ಸರ್, ಮಾರ್ಕೆಟ್ಟೇ ಸರಿ ಇಲ್ಲ" ಅಂದಳು. ಮಾರ್ಕೆಟ್ ಸರಿ ಇಲ್ಲದಿದ್ದರೆ ನನಗೆ ಮಾತ್ರ ಕಷ್ಟ ಅಂದ್ಕೊಂಡಿದ್ದೆ ಅಲ್ಲಿಯವರೆಗೆ.

ಅವಳು ಉಳಿದವರ ಹಾಗೆ ಡೈರೆಕ್ಟ್ ಕ್ಲೈಂಟು ಅನ್ನಲಿಲ್ಲ. "ಸರ್, ನಮ್ಮ ಮೇಲೆ ಒಂದು ವೆಂಡರ್ ಇದೆ, ಅವರೇ ಪ್ರೈಮ್" ಅಂತ ಹೆಸರು ಹೇಳಿದಳು, ಕ್ಲೈಂಟಿನ ಹೆಸರೂ ಹೇಳಿದಳು. ರೇಟು 58, ಡಬ್ಲ್ಯೂ-ಟೂ ಮೇಲೆ. "60 ಮಾಡಿಸ್ತೀರಾ?" ಅಂದೆ. ಕೇಳ್ಕೊಂಡು ಬಂದು, "ಇಲ್ಲ ಸರ್, 58ಕ್ಕಿಂತ ಒಂದು ಡಾಲರ್ ಕೂಡ ಆಗಲ್ಲ ಅಂತಿದ್ದಾರೆ. ಸುಳ್ಳು ಹೇಳಿ ಆಮೇಲೆ ಕಡಿಮೆ ಮಾಡೋದು ನಂಗಿಷ್ಟ ಇಲ್ಲ" ಅಂದಳು. ಒಪ್ಪಿ ಆರ್‌ಟಿಆರ್ ಮೇಲ್ ಕಳಿಸಿದೆ. ಎಕ್ಸೆಲ್ಲಿನಲ್ಲಿ ಬರ್ಕೊಂಡೆ.

ಮುಂದಿನ ಬುಧವಾರ ಇನ್ನೊಬ್ಬನ ಫೋನ್. ಇವನು ಇಲ್ಲೇ ಅಮೆರಿಕದಲ್ಲೇ ಕೂತೋನು, ಮಾತು ಬೆಣ್ಣೆ. ಯಥಾಪ್ರಕಾರ ಡೈರೆಕ್ಟ್ ಕ್ಲೈಂಟ್. ಹೆಸರು 'ಕಾನ್ಫಿಡೆನ್ಷಿಯಲ್'. ಇನ್ಶೂರೆನ್ಸ್ ಡೊಮೈನ್, ಡೇಟಾ ಮೈಗ್ರೇಶನ್. ರೇಟು 65.

"ಎಷ್ಟು ದಿನದ ಪ್ರಾಜೆಕ್ಟು?" ಅಂದೆ.

"ಹದಿನಾಲ್ಕು ತಿಂಗಳು."

ಅಲ್ಲೇ ನಾನು 'ಇದಕ್ಕೆ ನಾನು ಆಗಲೇ ಸಬ್ಮಿಟ್ ಆಗಿದ್ದೀನಿ' ಅಂದು ಫೋನ್ ಇಡಬೇಕಿತ್ತು. ಇಡಲಿಲ್ಲ. ಹೆಸರು ಹೇಳಿಲ್ವಲ್ಲ, ಬೇರೆ ಕಂಪನಿ ಇದ್ರೂ ಇರಬಹುದು ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ತಲೆ ಮಾತ್ರ ಅಷ್ಟರಲ್ಲಿ ಲೆಕ್ಕ ಹಾಕ್ತಿತ್ತು. ವಾರಕ್ಕೆ 40 ಗಂಟೆ, ವರ್ಷಕ್ಕೆ 52 ವಾರ, ಒಟ್ಟು 2080 ಗಂಟೆ. ಏಳು ಡಾಲರ್ ಜಾಸ್ತಿ ಅಂದ್ರೆ ವರ್ಷಕ್ಕೆ 14,560 ಡಾಲರ್. ಮಗಳ ಫೀಸಿನಲ್ಲಿ ಒಳ್ಳೇ ಭಾಗ. ರಜಾ ದಿನಗಳಿಗೆ ಸಂಬಳ ಇಲ್ಲ ಅನ್ನೋದನ್ನ ಕೂಡ ಆ ಲೆಕ್ಕದಲ್ಲಿ ಮರೆತಿದ್ದೆ!

ಆರ್‌ಟಿಆರ್ ಕಳಿಸಿದೆ. ಈ ಸಲ ಎಕ್ಸೆಲ್ಲಿನಲ್ಲಿ ಕ್ಲೈಂಟ್ ಅನ್ನೋ ಕಡೆ 'ಗೊತ್ತಿಲ್ಲ' ಅಂತ ಬರ್ಕೊಂಡೆ.

ಸೋಮವಾರ ಬೆಳಿಗ್ಗೆ ಆಶ್ಲಿಯ ಫೋನ್. ಕನ್ನಡದಲ್ಲೇ. ದನಿಯಲ್ಲಿ ನಗು ಇರಲಿಲ್ಲ.

"ಸರ್, ನೀವು ಬೇರೆ ಕಡೆಯಿಂದಲೂ ಸಬ್ಮಿಟ್ ಆಗಿದ್ದೀರಾ? ಡೂಪ್ಲಿಕೇಟ್ ಅಂತ ಬಂದಿದೆ. ಮ್ಯಾನೇಜರಿಗೆ ನಿಮ್ಮ ರೆಸ್ಯೂಮೆ ಇಷ್ಟ ಆಗಿತ್ತಂತೆ ಸರ್, ನಾಳೆ ಹನ್ನೊಂದಕ್ಕೆ ಇಂಟರ್ವ್ಯೂ ಇಟ್ಟಿದ್ರು. ಈಗ ಕ್ಯಾನ್ಸಲ್ ಮಾಡಿದ್ದಾರೆ."

ನಾನು ಹೇಳಿದ್ದು ಏನು ಗೊತ್ತಾ? "ಇಲ್ಲಮ್ಮಾ, ನನಗೆ ಗೊತ್ತಿಲ್ಲದ ಹಾಗೆ ಯಾರೋ ಹಾಕಿರಬೇಕು." ಹಾಗೂ ಆಗುತ್ತೆ, ಇಲ್ಲ ಅಂತಲ್ಲ. ಡೈಸ್‌ನಿಂದ ರೆಸ್ಯೂಮೆ ಎತ್ಕೊಂಡು ಹೇಳದೇ ಕೇಳದೇ ಕಳಿಸೋ ಜನ ಇದ್ದಾರೆ. ಆ ನೆಪ ನಾಲಿಗೆ ತುದಿಯಲ್ಲೇ ಇತ್ತು.

ಅವಳಿಗೆ ಖುಷಿಯಾಯ್ತು! "ಹಾಗಾದ್ರೆ ಪರವಾಗಿಲ್ಲ ಸರ್. ನಿಮ್ಮ ಆರ್‌ಟಿಆರ್ ಹೋದ ಶುಕ್ರವಾರದ್ದಲ್ಲ, ಅದರ ಹಿಂದಿನ ಶುಕ್ರವಾರದ್ದು ನನ್ನ ಹತ್ರ ಇದೆ. ನಮ್ಮದೇ ಮೊದಲು. ನಾನು ಅದನ್ನ ತೋರಿಸಿ ಫೈಟ್ ಮಾಡ್ತೀನಿ" ಅಂದಳು. ನನ್ನ ಪರವಾಗಿ ಜಗಳ ಆಡೋಕೆ ಹೊರಟಳು ಆ ಹುಡುಗಿ.

ಎರಡು ಗಂಟೆ ಬಿಟ್ಟು ಮತ್ತೆ ಫೋನ್. ಅವರೂರಲ್ಲಿ ಆಗ ರಾತ್ರಿ ಹತ್ತು ಗಂಟೆ ಕಳೆದಿತ್ತು.

"ಸರ್, ಅವರ ಹತ್ರಾನೂ ನಿಮ್ಮ ಆರ್‌ಟಿಆರ್ ಇದೆಯಂತೆ. ನಿಮ್ಮ ಮೇಲ್ ಐಡಿಯಿಂದಲೇ ಹೋಗಿದೆ."

ನಾನು ಸುಮ್ಮನಿದ್ದೆ. ಬೈಯ್ತಾಳೆ ಅಂದ್ಕೊಂಡೆ. ಬೈಯಲಿಲ್ಲ. "ಇರ್ಲಿ ಬಿಡಿ ಸರ್" ಅಂದು ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಎಲ್ಲಾ ಹೇಳಿದೆ. ರಿಕ್ರೂಟರುಗಳ ಹಾವಳಿ, ಕ್ಲೈಂಟಿನ ಹೆಸರು ಮುಚ್ಚಿಟ್ಟ ಆ ಬೆಣ್ಣೆ ಮಾತಿನವನು, ಈ ವ್ಯವಸ್ಥೆನೇ ಸರಿ ಇಲ್ಲ ಅಂತೆಲ್ಲಾ ಭಾಷಣ ಆಯ್ತು. ಅವಳು ಸಾರು ಬಡಿಸ್ತಾ ಒಂದೇ ಮಾತು ಕೇಳಿದಳು: "ನಿಮಗೆ ಗೊತ್ತಿತ್ತು ತಾನೆ?"

ಗೊತ್ತಿತ್ತು.

ನನ್ನ ಅಪ್ಪಯ್ಯನ ನೆನಪಾಯ್ತು. ನಮ್ಮದು ಸಾಗರದ ಕಡೆ ಎರಡೆಕರೆ ಅಡಿಕೆ ತೋಟ. ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿ ಆದ ಮೇಲೆ ಅಡಿಕೆ ಹೋಗ್ತಿದ್ದದ್ದು ಪೇಟೆಯ ಒಂದೇ ಒಂದು ಮಂಡಿಗೆ. ಪಕ್ಕದ ಮಂಡಿಯಲ್ಲಿ ರಾಶಿಗೆ ಕ್ವಿಂಟಾಲಿಗೆ ನೂರಿನ್ನೂರು ಜಾಸ್ತಿ ಇದೆ ಅಂತ ಯಾರಾದ್ರೂ ಹೇಳಿದ್ರೆ ಅಪ್ಪಯ್ಯ, "ಮಳೆಗಾಲದಲ್ಲಿ ಮುಂಗಡ ಕೊಟ್ಟವ ಅವನಲ್ಲ ಮಾರಾಯಾ" ಅಂತಿದ್ದರು. ಮಂಡಿಯವರೇನು ಸಾಚಾ ಅಲ್ಲ, ತೂಕದಲ್ಲಿ, ದರದಲ್ಲಿ ಅವರದ್ದೂ ಆಟ ಇರ್ತಿತ್ತು. ಅಪ್ಪಯ್ಯನಿಗೆ ಅದು ಗೊತ್ತಿತ್ತು. ಬೇರೆ ಕಡೆ ಹೋಗೋದಾದ್ರೆ ಹೇಳಿ, ಲೆಕ್ಕ ಚುಕ್ತಾ ಮಾಡಿ ಹೋಗಬೇಕು, ರಾತ್ರಿ ಗಾಡಿ ಕಟ್ಟಬಾರದು ಅನ್ನೋದಷ್ಟೇ ಅವರ ಲೆಕ್ಕ. ನಾನು ಕಾಲೇಜಿನಲ್ಲಿದ್ದಾಗ ಇದನ್ನ ದಡ್ಡತನ ಅಂತ ಅಂದಿದ್ದೆ. ಮಾರ್ಕೆಟ್ಟು ಅಂದ್ರೆ ಜಾಸ್ತಿ ಕೊಟ್ಟವರಿಗೆ ಮಾರೋದು ಅಂತ ವಾದ ಮಾಡಿದ್ದೆ. ಈಗ ನೋಡಿ, ನಾನೇ ರಾತ್ರಿ ಗಾಡಿ ಕಟ್ಟಿದ್ದು, ಎರಡೂ ಮಂಡಿ ಬಾಗಿಲು ಹಾಕಿದ್ದು.

ಆವತ್ತು ರಾತ್ರಿನೇ ಕೂತು ಮೂರು ಜನಕ್ಕೂ, ಆಶ್ಲಿಗೆ, ಅವಳ ಮೇಲಿನ ವೆಂಡರಿಗೆ, ಮತ್ತೆ ಬೆಣ್ಣೆ ಮಾತಿನವನಿಗೆ, ಒಂದೇ ಮೇಲ್ ಬರೆದೆ. ಮೊದಲನೇ ಆರ್‌ಟಿಆರ್ ಸರಿಯಾದದ್ದು, ಎರಡನೆಯದನ್ನ ನಾನು ತಪ್ಪು ಮಾಡಿ ಕೊಟ್ಟಿದ್ದೀನಿ, ಅದನ್ನ ವಾಪಸ್ ತಗೋತಿದ್ದೀನಿ, ಇದರಲ್ಲಿ ರಿಕ್ರೂಟರದ್ದು ಏನೂ ತಪ್ಪಿಲ್ಲ ಅಂತ. ಏನೂ ಉಪಯೋಗ ಆಗಲಿಲ್ಲ. ಕ್ಲೈಂಟು ಆಗಲೇ ಬೇರೆಯವರನ್ನ ನೋಡಿಕೊಂಡಿತ್ತು. ಬೆಣ್ಣೆ ಮಾತಿನವನು ಉತ್ತರ ಕೂಡ ಕೊಡಲಿಲ್ಲ. ಆಶ್ಲಿಯಿಂದ ಮಾತ್ರ ಒಂದು ಸಾಲು ಬಂತು, ಇಂಗ್ಲಿಷಿನಲ್ಲಿ: ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್, ನನ್ನ ಮ್ಯಾನೇಜರಿಗೆ ತೋರಿಸೋಕಾಯ್ತು.

ಅಂದ್ರೆ ಅವಳ ಮ್ಯಾನೇಜರ್ ಅವಳನ್ನೇ ಬೈದಿದ್ದ ಅಂತಾಯ್ತು.

ಈಗ ನಿಮ್ಮಲ್ಲಿ ಯಾರಾದ್ರೂ ಇದೇ ಹಾದಿಯಲ್ಲಿದ್ದರೆ, ನನ್ನ ಖರ್ಚಿನಲ್ಲಿ ಕಲಿತದ್ದು ಒಂದಷ್ಟು:

1. ಕ್ಲೈಂಟಿನ ಹೆಸರು ಹೇಳದೇ ಆರ್‌ಟಿಆರ್ ಕೇಳಿದ್ರೆ ಕೊಡಬೇಡಿ. ಹೆಸರು, ಊರು, ರೇಟು, ಮೇಲಿನ ವೆಂಡರ್, ನಾಲ್ಕೂ ಆ ಮೇಲಿನಲ್ಲಿ ಇರಬೇಕು. ಬಾಯಿ ಮಾತಲ್ಲಿ 'ಓಕೆ' ಅನ್ನಲೂ ಬೇಡಿ, ಅದೇ ಸಾಕು ಅಂತ ಕಳಿಸೋರಿದ್ದಾರೆ.

2. ರೇಟು ಹೋಲಿಸೋ ಮುಂಚೆ ಅದು ಯಾವುದರ ಮೇಲೆ ಅಂತ ಕೇಳಿ. ಡಬ್ಲ್ಯೂ-ಟೂ ಆದ್ರೆ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆಯಲ್ಲಿ ಅವರ ಪಾಲು 7.65 ಪರ್ಸೆಂಟ್ ಅವರೇ ಕಟ್ತಾರೆ. 1099 ಆದ್ರೆ ಎರಡೂ ಪಾಲು, ಅಂದ್ರೆ 15.3, ನಿಮ್ಮ ತಲೆ ಮೇಲೆ. 65 ಅನ್ನೋದು ಎಷ್ಟೋ ಸಲ 60 ಆಗಿರುತ್ತೆ.

3. ಪೂರ್ತಿ ಸೋಷಿಯಲ್ ಸೆಕ್ಯುರಿಟಿ ನಂಬರ್, ಪಾಸ್‌ಪೋರ್ಟ್ ಕಾಪಿ ಯಾರು ಮೊದಲೇ ಕೇಳಿದ್ರೂ ಕೊಡಬೇಡಿ. ಕೆಲಸದ ಅರ್ಹತೆಯ ದಾಖಲೆ ತೋರಿಸೋ ಐ-ನೈನ್ ಫಾರ್ಮು ಇರೋದು ಕೆಲಸ ಸಿಕ್ಕ ಮೇಲೆ.

4. ಹಳೇ ಮ್ಯಾನೇಜರುಗಳ ನಂಬರನ್ನ ರೆಫರೆನ್ಸ್ ಅಂತ ಮೊದಲೇ ಕೊಡಬೇಡಿ. ಇಂಟರ್ವ್ಯೂ ಆಗಲಿ. ಕೆಲವರಿಗೆ ಬೇಕಾಗಿರೋದು ನಿಮ್ಮ ಬಗ್ಗೆ ಮಾಹಿತಿ ಅಲ್ಲ, ಅವರಿಗೆ ತಮ್ಮ ಜನರನ್ನ ಮಾರೋಕೆ ಒಂದು ಬಾಗಿಲು.

5. ಎಕ್ಸೆಲ್ ಶೀಟ್ ಇಟ್ಕೊಳ್ಳಿ. ಆದ್ರೆ 'ಗೊತ್ತಿಲ್ಲ' ಅಂತ ಬರೆಯೋ ಹೊತ್ತಿಗೆ ನಿಜವಾಗ್ಲೂ ಗೊತ್ತಿಲ್ವಾ ಅಂತ ಒಂದ್ಸಲ ಕೇಳ್ಕೊಳ್ಳಿ. ಎಕ್ಸೆಲ್ಲಿಗೆ ಅದು ಗೊತ್ತಾಗಲ್ಲ :)

ನನಗೆ ಕೆಲಸ ಸಿಕ್ಕಿದ್ದು 2024ರ ಜನವರಿ ಕೊನೆಗೆ. ಬೇರೆ ವೆಂಡರ್, ಬೇರೆ ಕ್ಲೈಂಟ್. ರೇಟು 56. ಹೌದು, 58 ಅಲ್ಲ, 65 ಅಲ್ಲ, 56. ಯಾವ ತಕರಾರೂ ಮಾಡದೇ ಸೇರ್ಕೊಂಡೆ.

ಮಾರ್ಚ್‌ನಲ್ಲಿ ನಮ್ಮ ಟೀಮಿಗೆ ಇನ್ನಿಬ್ಬರು ಬೇಕು ಅಂತಾಯ್ತು. ನನಗೆ ಮೊದಲು ನೆನಪಾಗಿದ್ದು ಆ ಹುಡುಗಿ. ಇಂಥ ಕಡೆ ಕೆಲಸ ಇದೆ, ಇಂಥವರೇ ಪ್ರೈಮ್ ವೆಂಡರ್, ಅವರ ಮೂಲಕ ಒಳ್ಳೆಯವರನ್ನ ಕಳಿಸು ಅಂತ ಹೇಳೋಣ, ಸಾಲ ಸ್ವಲ್ಪ ತೀರುತ್ತೆ ಅಂತ. ಹಳೇ ನಂಬರ್ ಹುಡುಕಿ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿದೆ.

"ಹಾಯ್, ದಿಸ್ ಈಸ್ ಆಶ್ಲಿ!"

ದನಿ ಬೇರೆ. ಕನ್ನಡದಲ್ಲಿ ಮಾತಾಡಿಸಿದೆ, ಅರ್ಥ ಆಗಲಿಲ್ಲ. ಇಂಗ್ಲಿಷಿನಲ್ಲಿ ವಿಚಾರಿಸಿದೆ. ಈ ಡೆಸ್ಕಿನಲ್ಲಿ ಮೊದಲು ಇದ್ದವರು ಡಿಸೆಂಬರಿನಲ್ಲೇ ಬಿಟ್ಟು ಹೋದರಂತೆ. ನಂಬರು ಡೆಸ್ಕಿನದ್ದು. ಹೆಸರೂ ಡೆಸ್ಕಿನದ್ದೇ.

ಆಗ ಹೊಳೀತು, ಅವಳ ನಿಜವಾದ ಹೆಸರನ್ನ ನಾನು ಕೇಳೇ ಇರಲಿಲ್ಲ. ನನ್ನ ಹೆಸರು, ಹುಟ್ಟಿದ ದಿನ, ಕೊನೇ ನಾಲ್ಕಂಕಿ ಎಲ್ಲಾ ಅವಳಿಗೆ ಗೊತ್ತಿತ್ತು.

ಹೊಸ ಆಶ್ಲಿ ಬಿಡಲಿಲ್ಲ. "ಸರ್, ನೀವು ಈಗ ಕೆಲಸ ಹುಡುಕ್ತಿದ್ದೀರಾ? ನಮ್ಮ ಹತ್ರ ಒಂದು ಡೈರೆಕ್ಟ್ ಕ್ಲೈಂಟ್ ಇದೆ" ಅಂದಳು.

ನಮ್ಮ ಟೀಮಿನ ಆ ಎರಡು ಕೆಲಸದ ವಿವರ ಅವಳಿಗೇ ಹೇಳಿದೆ. ಪ್ರೈಮ್ ವೆಂಡರ್ ಯಾರು ಅಂತಲೂ ಹೇಳಿದೆ. ಅವಳು ಬರ್ಕೊಂಡಳು. ಯಾರಿಗೆ ಸಲ್ಲಬೇಕಿತ್ತೋ ಅವರಿಗೆ ಸಲ್ಲಲಿಲ್ಲ. ಅದೇ ಡೆಸ್ಕಿಗಾದ್ರೂ ಸಲ್ಲಲಿ ಅಂತ.